ಮೂವತ್ತೇಳನೆಯ ಸುತ್ತಿನ ಕೆಂಪು ತಗಡು

ಗ್ರಂಥಾಲಯದ ಹಿಂದಿನ ಬೀದಿ, ಮಹಡಿ ಮನೆ
ತಾರೀಖು ಹದಿನಾಲ್ಕು, ಮಂಗಳವಾರ ಬೆಳಿಗ್ಗೆ

ಯಜಮಾನರಿಗೆ,

ಇಪ್ಪತ್ತೊಂದು ವರ್ಷದ ಹಿಂದೆ, ಆ ವರ್ಷದ ಕೊನೆಯ ಕಾರ್ ರೇಸಿನ ಮೂವತ್ತೇಳನೆಯ ಸುತ್ತಿನಲ್ಲಿ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ ನನ್ನ ತಮ್ಮನಿಗೆ ನೀವು ಸುಳ್ಳು ಕೆಂಪು ತಗಡು ತೋರಿಸಿ, ಅವನ ಗೆಲುವನ್ನು ಕಿತ್ತು ಇನ್ನೊಬ್ಬನ ಕೈಗೆ ಕೊಟ್ಟಿರಿ. ಮೊನ್ನೆ ಭಾನುವಾರ, ಹನ್ನೆರಡನೆಯ ತಾರೀಖು ಸಂಜೆ ಐದು ಗಂಟೆಗೆ, ರೇಸ್ ಸಂಘದ ಐವತ್ತನೆಯ ವರ್ಷದ ಸಭೆಯಲ್ಲಿ ಪದಕ ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, ಅಂಥ ತಗಡು ಇರಲೇ ಇಲ್ಲ, ಹುಡುಗ ಹೆದರಿದ ಎಂದಿರಿ. ಮೊದಲನೆಯದು ಅನ್ಯಾಯ. ಎರಡನೆಯದಕ್ಕೆ ಏನನ್ನಬೇಕೆಂದು ಎರಡು ದಿನದಿಂದ ಹುಡುಕುತ್ತಿದ್ದೇನೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕ ಕಾಯ್ದವಳಿಗೂ ಪದ ಸಿಕ್ಕಿಲ್ಲ.

ಯಜಮಾನರು ಎಂದು ಬರೆದದ್ದಕ್ಕೆ ಬೇರೆ ಅರ್ಥ ಹುಡುಕಬೇಡಿ. ನೀವು ನಡೆಸುತ್ತಿದ್ದ ರೇಸ್ ತಂಡದ ಗ್ಯಾರೇಜಿನ ಹನ್ನೆರಡು ಜನರೂ ನಿಮ್ಮನ್ನು ಕರೆಯುತ್ತಿದ್ದದ್ದು ಹಾಗೇ. ಮನೆಯಲ್ಲಿ ನಾನು ಹದಿಮೂರನೆಯವಳಾಗಿ ಕರೆದೆ. ಬೇರೆ ಬೇರೆ ಬಾಗಿಲಿಗೆ ಬೀಗ ಹಾಕಿಕೊಂಡು ಬದುಕಲು ತೊಡಗಿ ಹತ್ತೊಂಬತ್ತು ವರ್ಷವಾದರೂ ನಾಲಿಗೆ ಹೊಸ ಹೆಸರು ಕಲಿತಿಲ್ಲ. ಈ ಪತ್ರದ ಪ್ರತಿ ಸಂಘದ ಕಾರ್ಯದರ್ಶಿಗೂ ಪತ್ರಿಕೆಯ ಓದುಗರ ಅಂಕಣಕ್ಕೂ ಹೋಗುತ್ತದೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಸಹಿಸಿಕೊಳ್ಳಿ. ನನ್ನ ಕಾಗದ ಬಂತೆಂದರೆ ಪತ್ರಿಕೆಯವರು ಮೊದಲು ಕತ್ತರಿಗೆ ಸಾಣೆ ಹಿಡಿಸುತ್ತಾರಂತೆ. ಹಿಡಿಸಲಿ.

ಭಾನುವಾರ ನಾನು ಮೂರನೆಯ ಸಾಲಿನಲ್ಲಿದ್ದೆ. ತಮ್ಮ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದ. ಹಳೆಯ ಚಾಲಕರಿಗೆಲ್ಲ ಕಳಿಸಿದ ಆಹ್ವಾನ ಅವನಿಗೂ ಬಂದಿತ್ತು. ತಂಡದ ನೀಲಿ ಜಾಕೆಟ್ಟನ್ನು ಹಿಂದಿನ ದಿನವೇ ಇಸ್ತ್ರಿ ಮಾಡಿಟ್ಟಿದ್ದ. ಈಗ ಅದರ ಗುಂಡಿ ಹೊಟ್ಟೆಯ ಮೇಲೆ ಕೂರುವುದಿಲ್ಲ, ಬಿಚ್ಚಿಕೊಂಡೇ ಹಾಕಿದ್ದ. ನಿರೂಪಕ ಆ ರೇಸಿನ ಮಾತೆತ್ತಿದಾಗ ನೀವು ಹೇಳಿದ್ದನ್ನು ಕಾರ್ಯಕ್ರಮದ ಕಾಗದದ ಹಿಂದೆ ಅಲ್ಲೇ ಬರೆದುಕೊಂಡೆ. ಆಮೇಲೆ ‘ನಾನು ಹಾಗಂದೇ ಇಲ್ಲ’ ಅನ್ನುವುದು ನಿಮ್ಮ ಹಳೆಯ ಅಭ್ಯಾಸ. “ಗುಬ್ಬಿಗೆ ಕೈ ಇತ್ತು ಸ್ವಾಮಿ, ಎದೆ ಇರ್ಲಿಲ್ಲ. ಗೆಲ್ತೀನಿ ಅಂತ ಗೊತ್ತಾದ ಕೂಡ್ಲೆ ನಡುಕ ಹತ್ತಿ, ಇಲ್ಲದ ತಗಡು ಕಣ್ಣಿಗೆ ಕಾಣಿಸ್ತು. ಸ್ವಂತ ಭಾವಮೈದ, ಬಯ್ಯೋಕಾಗುತ್ತಾ?” ಗುಬ್ಬಿ ಎಂದರೆ ನನ್ನ ತಮ್ಮ. ಐದಡಿ ಎರಡಂಗುಲದ ಆಳಿಗೆ ಗ್ಯಾರೇಜು ಇಟ್ಟ ಹೆಸರು. ಸಭೆ ನಕ್ಕಿತು. ನಾನು ತಿರುಗಿ ನೋಡಿದೆ. ಅವನೂ ನಗುತ್ತಿದ್ದ.

ಮಾರನೆಯ ದಿನ ನಡೆದದ್ದು ನಿಮಗೆ ಗೊತ್ತಿಲ್ಲ, ಕೇಳಿ. ಗುಬ್ಬಿ ಈಗ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಕಲಿಯುವವರು ಸ್ಟಿಯರಿಂಗ್ ಹಿಡಿಯುತ್ತಾರೆ, ಇವನು ಪಕ್ಕದಲ್ಲಿ ಕೂತಿರುತ್ತಾನೆ. ಇವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಹದಿನಾರು ವರ್ಷದಲ್ಲಿ ಆ ಬ್ರೇಕನ್ನು ಬೇಕಾದಾಗಷ್ಟೇ ಒತ್ತಿದ ಮೇಷ್ಟ್ರೆಂದು ಹೆಸರಾಗಿದ್ದ. ನಿನ್ನೆ ಬೆಳಿಗ್ಗೆ ಹತ್ತೂವರೆಗೆ, ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ, ಆಸ್ಪತ್ರೆಯ ನರ್ಸ್ ಒಬ್ಬಳು ಗಂಟೆಗೆ ಮೂವತ್ತರ ವೇಗದಲ್ಲಿ ಸರಿಯಾಗಿಯೇ ಓಡಿಸುತ್ತಿದ್ದಾಗ ಇವನು ಇದ್ದಕ್ಕಿದ್ದಂತೆ ಬ್ರೇಕು ತುಳಿದುಬಿಟ್ಟ. ಅವಳ ತುಟಿ ಸ್ಟಿಯರಿಂಗಿಗೆ ಬಡಿದು ಒಡೆಯಿತು. “ಅಡ್ಡ ಏನೂ ಇರ್ಲಿಲ್ವಲ್ಲ ಸಾರ್” ಎಂದಳಂತೆ, ಅಷ್ಟೇ. ಶಾಲೆಯ ಮಾಲೀಕ ಕಾರಿನ ಬೀಗದ ಕೈ ಈಸಿಕೊಂಡು, “ನಾಲ್ಕು ದಿನ ಮನೇಲಿರಿ ಮೇಷ್ಟ್ರೇ, ಆಮೇಲೆ ನೋಡೋಣ” ಎಂದ. ಕೂಲಿ ಮಾಡಿ ಉಂಡವರಿಗೆಲ್ಲ ‘ಆಮೇಲೆ ನೋಡೋಣ’ ಎಂದರೆ ಏನೆಂದು ಗೊತ್ತು.

ಮನೆಗೆ ಬಂದು ಗುಬ್ಬಿ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತ. “ಕೆಂಪಗೆ ಏನೋ ಕಂಡ ಹಾಗಾಯ್ತು ಅಕ್ಕ. ಭಾವ ಹೇಳಿದ್ದೇ ನಿಜ ಇರ್ಬೇಕು. ನನ್ನ ಕಣ್ಣೇ ಹಾಗೆ. ಆವತ್ತೂ ಹೀಗೇ ಆಗಿರುತ್ತೆ” ಎಂದ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಗೆಲುವು ಹೋಯಿತು, ಅದನ್ನು ಅವನು ನುಂಗಿಕೊಂಡಿದ್ದ. ಈಗ ಅವನ ಕಣ್ಣನ್ನೇ ಅವನಿಂದ ಕಿತ್ತುಕೊಂಡಿದ್ದೀರಿ.

ಕೆಂಪು ತಗಡು ಏನೆಂದು ಓದುಗರಿಗೆ ಹೇಳಬೇಕು. ಆ ಕಾಲದಲ್ಲಿ ನಮ್ಮಂಥ ಸಣ್ಣ ತಂಡದ ಕಾರಿನಲ್ಲಿ ರೇಡಿಯೋ ಇರಲಿಲ್ಲ. ಚಾಲಕನಿಗೆ ಏನಾದರೂ ತಿಳಿಸಬೇಕಾದರೆ, ಅವನು ಪ್ರತಿ ಸುತ್ತಿನಲ್ಲೂ ಹಾದುಹೋಗುವ ಗೋಡೆಯ ಮೇಲಿಂದ ಒಂದು ಹಲಗೆ ಚಾಚುತ್ತಿದ್ದರು. ಎಷ್ಟನೆಯ ಸ್ಥಾನ, ಹಿಂದಿನವನು ಎಷ್ಟು ಸೆಕೆಂಡು ದೂರ, ಇನ್ನೆಷ್ಟು ಸುತ್ತು ಎಂದು ಅದರಲ್ಲಿ ಅಂಕಿಗಳು. ಕೆಂಪು ತಗಡು ಇದರಿಂದ ಬೇರೆ. ಮೊಳ ಅಗಲದ ಬರೀ ಕೆಂಪು ಚೌಕ. ಕಾರಿಗೆ ಅಪಾಯವಿದೆ, ವೇಗ ಇಳಿಸು ಎಂದರ್ಥ. ನಮ್ಮ ಗ್ಯಾರೇಜಿನಲ್ಲಿ ಅದಕ್ಕೊಂದು ಕಟ್ಟುಪಾಡಿತ್ತು: ಮೆಕ್ಯಾನಿಕ್ ತಾತ ಹೂಂ ಅನ್ನದೆ ಅದನ್ನು ಯಾರೂ ಮೊಳೆಯಿಂದ ಇಳಿಸಕೂಡದು. ಇಳಿಸಿದ ಮೇಲೆ ಚಾಲಕ ಪ್ರಶ್ನೆ ಕೇಳಕೂಡದು. ಹಿಂದಿನ ವರ್ಷ ಗುಬ್ಬಿಯ ಕಾರಿನಿಂದ ಎಣ್ಣೆ ಸೋರುವುದನ್ನು ತಾತ ಗೋಡೆಯಿಂದಲೇ ಕಂಡು ತಗಡು ಹಿಡಿದಿದ್ದರು. ಇವನು ಕಾರು ನಿಲ್ಲಿಸಿ ಇಳಿದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಧಗ್ಗೆಂದಿತು. ಕಾರಿನೊಳಗಿನ ಮೀಟರಿನ ಮುಳ್ಳು ಆಗಲೂ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತಂತೆ. ಅಂದಿನಿಂದ ಅವನಿಗೆ ಮುಳ್ಳಿಗಿಂತ ತಗಡು ದೊಡ್ಡದು. ಮುಖ ತೊಳೆಯುವಾಗಲೂ ನಗುತ್ತಾ, “ಅಕ್ಕ, ದೇವರು ಬಂದು ಓಡು ಅಂದ್ರೂ, ತಾತ ತಗಡು ಹಿಡಿದ್ರೆ ನಾನು ನಿಲ್ತೀನಿ” ಅನ್ನುತ್ತಿದ್ದ. ನಿಮ್ಮೆದುರಿಗೇ ಅಂದಿದ್ದ. ನೀವು ಅದನ್ನು ನೆನಪಿಟ್ಟುಕೊಂಡಿರಿ.

ತಂಡದ ಆಜ್ಞೆಯನ್ನೇ ಬಯ್ಯುವವಳು ನಾನಲ್ಲ. ನನ್ನ ಹತ್ತಿರ ಕತ್ತರಿಸಿಟ್ಟ ಪತ್ರಿಕೆಯ ಹಾಳೆಗಳಿವೆ, ತೆಗೆದು ನೋಡಬಹುದು. ಈ ಸಂಗತಿಗೆ ಮೂರು ವರ್ಷ ಮೊದಲು, ಮಳೆಯಲ್ಲಿ ನಡೆದ ಒಂದು ರೇಸಿನಲ್ಲಿ, ನೀವು ಒಬ್ಬ ಚಾಲಕನಿಗೆ ಹಿಂದಿನವನನ್ನು ಮುಂದೆ ಬಿಡು ಎಂದು ಹಲಗೆಯಲ್ಲಿ ಬಾಣದ ಗುರುತು ಹಾಕಿ ಎಲ್ಲರೆದುರಿಗೇ ತೋರಿಸಿದಿರಿ. ಜನ ಬಾಟಲಿ ಎಸೆದರು. ಒಂದು ನಿಮ್ಮ ಭುಜಕ್ಕೆ ತಾಗಿತು. ಆಗ ನಿಮ್ಮ ಪರವಾಗಿ ಪತ್ರಿಕೆಗೆ ಬರೆದವಳು ನಾನು. ಕಾರು ಒಬ್ಬನದಲ್ಲ, ಹನ್ನೆರಡು ಜನರ ಬೆವರು. ಯಾರು ಮೊದಲು ಬರಬೇಕೆಂದು ತಂಡ ತೀರ್ಮಾನಿಸುವುದಾದರೆ ತೀರ್ಮಾನಿಸಲಿ, ಆದರೆ ತೀರ್ಮಾನಿಸಿದವನು ಮುಖ ತೋರಿಸಿ ಬೈಗುಳ ತಿನ್ನಬೇಕು, ಈ ಮನುಷ್ಯ ತಿಂದಿದ್ದಾನೆ ಎಂದು ಬರೆದೆ. ಎದೆಯುಬ್ಬಿಸಿಕೊಂಡೇ ಬರೆದೆ. ಜನರ ಸಿಟ್ಟಿಗೆ ಹೆದರಿ ಸಂಘ ಮುಂದಿನ ವರ್ಷ ಅಂಥ ಆಜ್ಞೆಗಳನ್ನೇ ನಿಷೇಧಿಸಿತು. ನಿಷೇಧದಿಂದ ಆಜ್ಞೆ ನಿಲ್ಲಲಿಲ್ಲ, ವೇಷ ಹಾಕಿಕೊಂಡಿತು. ಒಬ್ಬ ಯಜಮಾನ ‘ಸಲಹೆ’ ಎಂದ, ಇನ್ನೊಬ್ಬ ‘ಮಾಹಿತಿ’ ಎಂದ. ಅಳಿಯ ಅಲ್ಲ, ಮಗಳ ಗಂಡ. ನೀವು ಎಲ್ಲರಿಗಿಂತ ಜಾಣರು. ಜೀವ ಉಳಿಸುವ ತಗಡನ್ನೇ ವೇಷ ಮಾಡಿಕೊಂಡಿರಿ.

ಅಳಿಯನ ಮಾತು ಬಂದದ್ದೂ ಸರಿಯೇ. ಆ ದಿನ ನಮ್ಮ ತಂಡದ ಇನ್ನೊಂದು ಕಾರಿನಲ್ಲಿದ್ದದ್ದು ಟೈರ್ ಕಂಪನಿಯ ಮಾಲೀಕರ ಅಳಿಯ. ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಅವನು ‘ಅಳಿಯಂದ್ರು’. ನಾವು ಓಡುತ್ತಿದ್ದದ್ದು ಅವನ ಮಾವನ ಟೈರಿನ ಮೇಲೆ. ಆ ರೇಸು ಗೆದ್ದರೆ ವರ್ಷದ ಚಾಂಪಿಯನ್ ಕಪ್ಪು ಅವನದು, ಎರಡನೆಯವನಾದರೆ ಇಲ್ಲ. ಗುಬ್ಬಿಗೆ ಕಪ್ಪಿನ ಆಸೆ ಇರಲಿಲ್ಲ. ಅವನಿಗೆ ಒಂದೇ ಒಂದು ಗೆಲುವು ಬೇಕಿತ್ತು. ಏಳು ವರ್ಷದಲ್ಲಿ ಹನ್ನೊಂದು ಸಲ ಎರಡನೆಯವನಾಗಿದ್ದ. “ನನಗೆ ಎರಡು ಅನ್ನೋ ಅಂಕಿ ಕಂಡ್ರೆ ಹೊಟ್ಟೆ ತೊಳಸುತ್ತೆ, ಅದಕ್ಕೇ ಎರಡನೇ ಸಲ ಬಡಿಸಿಕೊಳ್ಳಲ್ಲ” ಎಂದು ಊಟಕ್ಕೆ ಕೂತಾಗ ತಮಾಷೆ ಮಾಡುತ್ತಿದ್ದ.

ಒಟ್ಟು ನಲವತ್ತು ಸುತ್ತು. ಹನ್ನೆರಡನೆಯದರಿಂದ ಗುಬ್ಬಿ ಮುಂದಿದ್ದ. ಮೂವತ್ತಾರನೆಯದರಲ್ಲಿ ಅವನಿಗೂ ಅಳಿಯಂದ್ರಿಗೂ ಆರು ಸೆಕೆಂಡಿನ ಅಂತರ. ನೀವು ತಾತನ ಹತ್ತಿರ ಹೋಗಿ ಕೆಂಪು ತಗಡು ಇಳಿಸಲು ಹೇಳಿದಿರಿ.

“ಯಾಕೆ? ಇಂಜಿನ್ ಬೆಣ್ಣೆ ಹಾಗೆ ಓಡ್ತಿದೆಯಲ್ಲ” ಎಂದರು ತಾತ.

“ಇಳಿಸಿ ಅಂದ್ರೆ ಇಳಿಸಿ.”

“ಅದು ಜೀವ ಉಳಿಸೋಕಿರೋದು ಯಜಮಾನ್ರೇ. ಅದರಲ್ಲಿ ನಾನು ಆಟ ಆಡಲ್ಲ.”

ಇಷ್ಟು ಹೇಳಿ ತಾತ ತಮ್ಮ ಕಂದು ಕೋಟನ್ನೂ ಕೈಗವಸನ್ನೂ ಬಿಚ್ಚಿ ಮೊಳೆಗೆ ತಗುಲಿಹಾಕಿ ಗ್ಯಾರೇಜಿನೊಳಗೆ ಹೋಗಿ ಕೂತುಬಿಟ್ಟರು. ಮೂವತ್ತೇಳನೆಯ ಸುತ್ತು ಮುಗಿಸಿ ಗುಬ್ಬಿ ಬಂದಾಗ ಗೋಡೆಯ ಮೇಲೆ ಕೆಂಪು ತಗಡು ಇತ್ತು. ಅವನು ಅದನ್ನು ನೋಡಿದ. ಮುಳ್ಳು ಸರಿಯಾಗಿತ್ತು, ಆದರೂ ತಗಡನ್ನೇ ನಂಬಿ ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಮೂವತ್ತೊಂಬತ್ತನೆಯ ಸುತ್ತಿನಲ್ಲಿ ಅಳಿಯಂದ್ರು ಅವನನ್ನು ದಾಟಿದರು. ಹನ್ನೆರಡನೆಯ ಸಲ ಎರಡನೆಯವನಾದ.

ಕಾರು ಗ್ಯಾರೇಜಿಗೆ ಬಂದ ಮೇಲೆ ತಾತ ಇಂಜಿನ್ ಬಿಚ್ಚಿ ನೋಡಿ, “ಇದಕ್ಕೆ ಜ್ವರಾನೂ ಇಲ್ಲ, ನೆಗಡೀನೂ ಇಲ್ಲ. ಬಂದಿದ್ರೆ ಬೇರೆ ಯಾರಿಗೋ ಬಂದಿರ್ಬೇಕು” ಎಂದರು. ಗುಬ್ಬಿ ನಿಮ್ಮ ಮುಖ ನೋಡಿದ. “ತಗಡಾ? ಯಾವ ತಗಡೋ?” ಎಂದು ನೀವು ಕೇಳಿದ್ದು ಆಗಲೇ, ಅಲ್ಲೇ, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ.

ನೀವು ನಿಷೇಧ ಮುರಿದಿರೆಂದು ಬೇರೆ ತಂಡದವರು ದೂರು ಕೊಟ್ಟರು, ವಿಚಾರಣೆ ನಡೆಯಿತು. ಇಪ್ಪತ್ತು ನಿಮಿಷದ ವಿಚಾರಣೆ. ಮೂರು ಜನ ಕೂತಿದ್ದರು, ಅವರಲ್ಲಿ ಒಬ್ಬರು ಆಕಳಿಸುತ್ತಿದ್ದರು. ತಗಡು ತೋರಿಸಿಲ್ಲ ಎಂದು ನೀವು ಹೇಳಿದಿರಿ. ತಾತನನ್ನು ಕರೆದು ಕೆಂಪು ತಗಡು ಹಿಡಿದಿರಾ ಎಂದು ಕೇಳಿದರು. “ನಾನು ಹಿಡಿಯಲಿಲ್ಲ” ಎಂದರು ತಾತ. ಅದು ಅಪ್ಪಟ ನಿಜ. ಹಿಡಿಯುವ ಕೆಲಸ ಅವರದು, ಅವರೇ ಹಿಡಿಯಲಿಲ್ಲ ಎಂದ ಮೇಲೆ ಮುಗಿಯಿತಲ್ಲ ಎಂದು ಕಡತ ಮುಚ್ಚಿದರು. ಪ್ರತಿ ಸುತ್ತಿನ ಸಮಯವನ್ನು ಪಟ್ಟಿಯಲ್ಲಿ ಬರೆಯುತ್ತಿದ್ದವಳು ನಾನು. ಆ ಪಟ್ಟಿಯೂ ಅವರ ಮೇಜಿನ ಮೇಲಿತ್ತು. ಮೂವತ್ತಾರನೆಯ ಸುತ್ತು, ಒಂದು ನಿಮಿಷ ನಲವತ್ತೊಂದು ಸೆಕೆಂಡು. ಮೂವತ್ತೆಂಟನೆಯದು, ಒಂದು ನಿಮಿಷ ನಲವತ್ತೆಂಟು. ನಡುವಿನ ಮನೆ ಖಾಲಿ. ಒಂಬತ್ತು ವರ್ಷ ಒಂದು ಮನೆಯನ್ನೂ ಬಿಡದೆ ತುಂಬಿದ್ದ ಪಟ್ಟಿಯಲ್ಲಿ ಅದೊಂದು ಖಾಲಿ. ಮೂವರೂ ನೋಡಿದರು, ಯಾಕೆಂದು ಒಬ್ಬರೂ ಕೇಳಲಿಲ್ಲ.

ಗುಬ್ಬಿ ಬಾಗಿಲ ಹೊರಗೆ ನಿಂತು ತಾತನ ಉತ್ತರ ಕೇಳಿಸಿಕೊಂಡಿದ್ದ. “ತಾತ ಸುಳ್ಳು ಹೇಳಲ್ಲ ಅಕ್ಕ. ಹಾಗಾದ್ರೆ ನಾನು ನೋಡಿದ್ದು ಏನು?” ಎಂದು ಕೇಳಿದ. ಮುಂದಿನ ವರ್ಷ ನೀವು ಅವನಿಗೆ ಕಾರು ಕೊಡಲಿಲ್ಲ. ಬೇರೆ ತಂಡಗಳ ಬಾಗಿಲಿಗೂ ಹೋದ. ಗೆಲ್ಲುವಾಗ ಹೆದರುವವನು ಎಂಬ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಎರಡು ವರ್ಷದ ಮೇಲೆ ನಾನು ನಿಮ್ಮ ಮನೆ ಬಿಟ್ಟೆ. ನನ್ನ ನಾಲಿಗೆ ಚೂಪು, ಅದಕ್ಕೇ ಸಂಸಾರ ಕೂಡಲಿಲ್ಲ ಎಂದರು ಜನ. ನೀವು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಈಗ ಯಾವುದೂ ಬದಲಾಗುವುದಿಲ್ಲ, ನನಗೆ ಗೊತ್ತು. ಕಪ್ಪು ಅಳಿಯಂದ್ರ ಮನೆಯ ಗಾಜಿನ ಬೀರುವಿನಲ್ಲಿದೆ, ಅವರ ಮೊಮ್ಮಕ್ಕಳು ಅದರೊಳಗೆ ಪೆನ್ಸಿಲ್ ಹಾಕುತ್ತಾರಂತೆ. ತಾತ ಹೋದ ವರ್ಷ ತೀರಿಕೊಂಡರು. ಗುಬ್ಬಿಗೆ ಐವತ್ತಮೂರಾಯಿತು, ಯಾವ ತಂಡವೂ ಕಾರು ಕೊಡುವುದಿಲ್ಲ. ಡ್ರೈವಿಂಗ್ ಶಾಲೆಯ ಮಾಲೀಕನೂ ಕೊಡುತ್ತಾನೆಂದು ನನಗೆ ಅನ್ನಿಸುವುದಿಲ್ಲ. ತಂಡದ ಆಜ್ಞೆಯ ಮೇಲಿದ್ದ ಆ ನಿಷೇಧವನ್ನು ಸಂಘವೇ ನಾಲ್ಕು ವರ್ಷದ ಹಿಂದೆ ತೆಗೆದುಹಾಕಿತು. ತಡೆಯಲಾಗದ್ದನ್ನು ನಿಷೇಧಿಸಿ ಪ್ರಯೋಜನವಿಲ್ಲ ಎಂದರು. ಅಂದರೆ ಅಂದು ನೀವು ಮುಚ್ಚಿಟ್ಟದ್ದು ಇಂದು ತಪ್ಪೂ ಅಲ್ಲ. ದಂಡವಿಲ್ಲ, ಕಪ್ಪು ವಾಪಸು ಕೇಳುವವರಿಲ್ಲ, ಅಂಕ ಕಳೆಯುವವರಿಲ್ಲ. ನಿಜ ಹೇಳಿದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲದ ಕಾಲದಲ್ಲಿ, ಕೇವಲ ಒಂದು ಸಭೆಯನ್ನು ನಗಿಸುವುದಕ್ಕಾಗಿ ಆ ಸುಳ್ಳನ್ನು ಮತ್ತೆ ಹೇಳಿದಿರಿ. ಹೆದರಿ ಹೇಳಿದ ಸುಳ್ಳನ್ನು ಕ್ಷಮಿಸಬಹುದೇನೋ. ಹೊಟ್ಟೆ ತುಂಬಿದ ಮೇಲೆ ಹೇಳಿದ್ದನ್ನು ಹೇಗೆ ಕ್ಷಮಿಸುವುದು?

ಇದೇ ಇಪ್ಪತ್ತಾರರ ಭಾನುವಾರ ಅದೇ ಸಭಾಂಗಣದಲ್ಲಿ ಸಂಘದ ಸ್ಮರಣ ಸಂಚಿಕೆ ಬಿಡುಗಡೆಯಾಗುತ್ತದೆ. ನಿಮ್ಮ ಭಾಷಣ ಅದರಲ್ಲಿ ಅಚ್ಚಾಗುತ್ತದಂತೆ. ಅಚ್ಚಾದದ್ದು ಗ್ರಂಥಾಲಯಕ್ಕೆ ಬರುತ್ತದೆ, ಗ್ರಂಥಾಲಯಕ್ಕೆ ಬಂದದ್ದು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಅದಕ್ಕೆ ಮೊದಲು, ಅದೇ ಮೈಕಿನ ಮುಂದೆ, ಕೆಂಪು ತಗಡು ತೋರಿಸಲು ಆಜ್ಞೆ ಕೊಟ್ಟವರು ಯಾರು, ಇಂಜಿನ್ನಿಗೆ ಏನಾಗಿತ್ತು ಎಂಬ ಎರಡು ಪ್ರಶ್ನೆಗೆ ನೀವು ಉತ್ತರ ಹೇಳಬೇಕು. ನನಗೆ ಕಾಗದ ಬರೆಯುವುದು ಬೇಡ, ಮನೆಗೆ ಬಂದು ಗುಬ್ಬಿಯ ಹೆಗಲ ಮೇಲೆ ಕೈಯಿಡುವುದೂ ಬೇಡ. ನಕ್ಕ ಜನರ ಮುಂದೆಯೇ ಹೇಳಬೇಕು.

ಇಂತಿ,
ನಿಮ್ಮ ತಂಡದ ಸುತ್ತಿನ ಪಟ್ಟಿ ಬರೆಯುತ್ತಿದ್ದವಳು

ತಾ. ಕ.: ಸಂಘಕ್ಕೂ ಪತ್ರಿಕೆಗೂ ಕಳಿಸುವ ಪ್ರತಿಗಳನ್ನು ಸಹಿಯವರೆಗೆ ಮಾತ್ರ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಮುಂದಿನದು ನಿಮಗೊಬ್ಬರಿಗೆ.

ಪಟ್ಟಿಯಲ್ಲಿ ಆ ಮನೆ ಖಾಲಿ ಉಳಿದದ್ದು ಯಾಕೆಂದು ನಿಮಗೆ ಗೊತ್ತು. ಪಟ್ಟಿ ಬರೆಯುವ ಕೈಯಲ್ಲಿ ಆಗ ತಗಡು ಇತ್ತು. “ತಾತನ ಕೋಟು ಹಾಕ್ಕೋ, ಕೈಗವಸೂ ಹಾಕ್ಕೋ, ಅವನಿಗೆ ಅಷ್ಟು ಕಂಡ್ರೆ ಸಾಕು. ಇದೊಂದು ರೇಸು. ಮುಂದಿನ ವರ್ಷ ಮೊದಲನೇ ಕಾರು ನಿನ್ನ ತಮ್ಮನಿಗೇ” ಎಂದಿರಿ. ನಾನು ಹಾಕಿಕೊಂಡೆ. ಹಿಡಿದೆ. ಅವನು ನನ್ನನ್ನು ದಾಟಿಹೋಗುವಾಗ ಇಂಜಿನ್ನಿನ ಸದ್ದು ಇಳಿದದ್ದು ಇವತ್ತಿಗೂ ಕಿವಿಯಲ್ಲಿದೆ. ತಾತ ಕಿಟಕಿಯಿಂದ ನೋಡಿದ್ದರು. ವಿಚಾರಣೆಯ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, “ನಾನು ಹಿಡಿಯಲಿಲ್ಲ ಅಂತ ಮಾತ್ರ ಹೇಳ್ತೀನಮ್ಮ. ಮಿಕ್ಕಿದ್ದು ನೀವೇ ಹೇಳ್ಬೇಕು, ನಾನು ಹೇಳಿದ್ರೆ ಚೆನ್ನಾಗಿರಲ್ಲ” ಎಂದರು. ಇಪ್ಪತ್ತು ವರ್ಷ ಕಾದರು. ಕಾದೇ ಹೋದರು.

ಈ ಕಾಗದವನ್ನು ಸಹಿಯವರೆಗೆ ಇವತ್ತು ತಿಂಡಿ ತಿನ್ನುವಾಗ ಗುಬ್ಬಿಗೆ ಓದಿ ಹೇಳಿದೆ. ತಾತ ಕೋಟು ಬಿಚ್ಚಿಟ್ಟು ಒಳಗೆ ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, ಮೊನ್ನೆಯಿಂದ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ ಕೇಳಿದ: “ಹಾಗಾದ್ರೆ ಹಿಡಿದೋರು ಯಾರು ಅಕ್ಕ?”

ಯಾವ ಸುತ್ತಿಗೆ ಎಷ್ಟು ಸೆಕೆಂಡು ಎಂದು ಇಪ್ಪತ್ತೊಂದು ವರ್ಷದ ಮೇಲೂ ಹೇಳಬಲ್ಲ ನಾನು, “ನೆನಪಿಲ್ಲ ಕಣೋ” ಎಂದೆ.

“ನಿನಗೇ ನೆನಪಿಲ್ಲ ಅಂದ್ರೆ ತಗಡು ಇರ್ಲಿಲ್ಲ ಬಿಡು” ಎಂದು ಕೈ ತೊಳೆದುಕೊಂಡು ಎದ್ದ. ಜಾಕೆಟ್ಟನ್ನು ಮಡಿಸಿ ಹಳೆಯ ಬಟ್ಟೆಯ ಗಂಟಿಗೆ ಹಾಕಿ, ಕೆಲಸ ಬಿಡುವ ಕಾಗದ ಕೊಟ್ಟುಬರುತ್ತೇನೆಂದು ಹೋದ. ಇನ್ನೂ ಬಂದಿಲ್ಲ.

ಆದ್ದರಿಂದ ಇಪ್ಪತ್ತಾರರಂದು ಮೂರನೆಯ ಪ್ರಶ್ನೆಯೊಂದಕ್ಕೂ ನೀವು ಉತ್ತರ ಕೊಡಬೇಕು. ಹಿಡಿದವರು ಯಾರು ಎಂದು, ಮೈಕಿನ ಮುಂದೆ, ನನ್ನ ಹೆಸರು ಹಿಡಿದು ಹೇಳಿ. ನಾನು ಮೂರನೆಯ ಸಾಲಿನಲ್ಲಿರುತ್ತೇನೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿರುತ್ತೇನೆ. ನನ್ನ ಬಾಯಿಂದ ಅದು ಬರುವುದಿಲ್ಲ.